ಇನ್‌ಫೀಲ್ಡ್ ಗಟ್ಟಿಯಾಗಬೇಕಾ? ಕಾಲಿನಿಂದ ಶುರು ಮಾಡಿ

ನಮ್ಮ ವಿಜಯಪುರದ ಕಡೆ ಬೇಸ್‌ಬಾಲ್‌ಗೆ ಬರುವ ಮಕ್ಕಳು ಬಹುತೇಕ ಕ್ರಿಕೆಟ್ ಆಡಿ ಬಂದವರೇ. ಕೈ ಚೆನ್ನಾಗಿರುತ್ತದೆ. ಬಾಲ್ ಕಂಡರೆ ಹೆದರಿಕೆ ಇರುವುದಿಲ್ಲ. ಎಸೆತದಲ್ಲಿ ಜೋರೂ ಇರುತ್ತದೆ. ಆದರೂ ಇನ್‌ಫೀಲ್ಡ್‌ನಲ್ಲಿ, ಅಂದರೆ ಬೇಸ್‌ಗಳ ಸುತ್ತಲಿನ ಒಳಮೈದಾನದಲ್ಲಿ, ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲಿಸಿದರೆ, ಹೊಡೆದು ಓಡುವ ರನ್ನರ್ ಆರಾಮಾಗಿ ಫಸ್ಟ್ ಬೇಸ್ ಮುಟ್ಟಿಬಿಡುತ್ತಾನೆ. ಯಾಕೆ ಅಂದರೆ, ಬಾಲ್ ತಮ್ಮ ಹತ್ತಿರ ಬರಲಿ ಅಂತ ಇವರು ಕಾಯುತ್ತಾರೆ. ಕ್ರಿಕೆಟ್‌ನಲ್ಲಿ ಮೊಣಕಾಲು ನೆಲಕ್ಕೂರಿ, ಮೈ ಅಡ್ಡ ಕೊಟ್ಟು ಬೌಂಡರಿ ತಡೆದರೂ ಶಹಬ್ಬಾಸ್ ಸಿಗುತ್ತದೆ. ಇಲ್ಲಿ ಬರೀ ತಡೆದದ್ದಕ್ಕೆ ಏನೂ ಸಿಗಲ್ಲ. ರನ್ನರ್‌ಗಿಂತ ಮೊದಲು ಬಾಲ್ ಬೇಸ್‌ಗೆ ಹೋಗಬೇಕು.

ಈ ಸಮಯದ ಲೆಕ್ಕವನ್ನು ಮೊದಲ ದಿನವೇ ಮಕ್ಕಳ ಮುಂದೆ ಬಿಡಿಸಿ ಹೇಳಿ. ಬ್ಯಾಟರ್ ಹೊಡೆಯುವ ಜಾಗವಾದ ಹೋಮ್ ಪ್ಲೇಟ್‌ನಿಂದ ಫಸ್ಟ್ ಬೇಸ್‌ಗೆ 90 ಅಡಿ, ಅಂದರೆ 27.43 ಮೀಟರ್. ಅಮೆರಿಕದ ಮೇಜರ್ ಲೀಗ್‌ನಲ್ಲಿ ಬಲಗೈ ಬ್ಯಾಟರ್ ಹೊಡೆದು ಅಷ್ಟು ದೂರ ಓಡಲು ಸುಮಾರು 4.3 ಸೆಕೆಂಡ್ ಬೇಕು. ನಮ್ಮ ಪಿಯುಸಿ ಹುಡುಗರಿಗೆ 5 ಸೆಕೆಂಡ್ ಅಂತ ಇಟ್ಟುಕೊಳ್ಳಿ. ನೆಲದ ಮೇಲೆ ಬಾಲ್ ಶಾರ್ಟ್‌ಸ್ಟಾಪ್‌ವರೆಗೆ ಬರಲು ಎರಡು ಸೆಕೆಂಡ್ ಹೋಯಿತು. ಅಲ್ಲಿಂದ ಎಸೆತ ಫಸ್ಟ್ ಬೇಸ್ ಮುಟ್ಟಲು ಇನ್ನು ಒಂದೂವರೆ ಸೆಕೆಂಡ್. ಉಳಿದದ್ದು ಬರೀ ಒಂದೂವರೆ ಸೆಕೆಂಡ್. ಅಷ್ಟರಲ್ಲಿ ಹಿಡಿಯಬೇಕು, ಗ್ಲೌಸಿನಿಂದ ತೆಗೆಯಬೇಕು, ತಿರುಗಬೇಕು, ಎಸೆಯಬೇಕು. ಬೇಡದ ಒಂದು ಹೆಜ್ಜೆ ಇಟ್ಟರೆ 0.2 ಸೆಕೆಂಡ್ ಕೈ ಬಿಟ್ಟಿತು. ಅಷ್ಟು ಹೊತ್ತಿಗೆ ರನ್ನರ್ ಒಂದು ಮೀಟರ್‌ಗಿಂತ ಜಾಸ್ತಿ ಮುಂದೆ ಇರುತ್ತಾನೆ. ತೋಳಲ್ಲಿ ಎಷ್ಟೇ ಶಕ್ತಿ ಇದ್ದರೂ ಅದನ್ನು ತುಂಬಿಕೊಳ್ಳುವುದು ಕಷ್ಟ.

ನಾನು ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತೇನೆ. ಹುಡುಗರಿಗೂ ಹುಡುಗಿಯರಿಗೂ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಕಲಿಸುತ್ತೇನೆ. ಕೆಳಗೆ ಬರೆದಿರುವುದೆಲ್ಲ ನಮ್ಮ ಎರೆಮಣ್ಣಿನ ಮೈದಾನದಲ್ಲಿ, ಇರುವಷ್ಟು ಸಾಮಾನಿನಲ್ಲಿ ಮಾಡಿಸುವ ಡ್ರಿಲ್‌ಗಳು.

ನೆಲ ಮತ್ತು ಗ್ಲೌಸು

ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬಿರುಕಿನ ಅಂಚಿಗೆ ಬಾಲ್ ತಾಗಿದರೆ ಎತ್ತ ಹಾರುತ್ತದೋ ಹೇಳಲಾಗದು. ಇಂಥ ನೆಲದಲ್ಲಿ ಹೊಸಬರಿಗೆ ಜೋರಾಗಿ ಹೊಡೆದು ಹಿಡಿ ಅಂದರೆ, ಎರಡು ಸಲ ಮುಖಕ್ಕೆ ಬಂದ ಮೇಲೆ ಮಗು ಕಣ್ಣು ಮುಚ್ಚಿ ತಲೆ ತಿರುಗಿಸುವುದನ್ನು ಕಲಿಯುತ್ತದೆ. ಆ ಚಾಳಿ ಬಿಡಿಸುವುದು ಬಹಳ ಕಷ್ಟ. ಅದಕ್ಕೆ ಮೊದಲು ನೆಲ ಸರಿ ಮಾಡಿ. ಹಿಂದಿನ ಸಂಜೆ ನೀರು ಹೊಡೆಯಿರಿ. ಸಾಧ್ಯವಾದರೆ ಬೇಸ್‌ಗಳ ನಡುವೆ ಒಂದು ಟ್ರಾಲಿ ಗರಸು ಹಾಕಿಸಿ ರೋಲರ್ ಎಳೆಸಿ. ಹಳೆಯ ತಂತಿ ಜಾಳಿಗೆಯ ಒಂದು ತುಂಡಿಗೆ ಹಗ್ಗ ಕಟ್ಟಿ, ಮೇಲೆ ಒಂದು ಕಲ್ಲಿಟ್ಟು ಎಳೆದರೆ ಮೇಲ್ಮಣ್ಣು ಸಮ ಆಗುತ್ತದೆ. ಅಭ್ಯಾಸಕ್ಕೆ ಮುಂಚೆ ಎಲ್ಲರೂ ಒಂದೇ ಸಾಲಿನಲ್ಲಿ ನಡೆದು ಕಲ್ಲುಹರಳು ಆರಿಸಬೇಕು. ನಾಯಕನೂ ಆರಿಸಬೇಕು.

ಹೊತ್ತು ಬೆಳಿಗ್ಗೆಯದೇ ಇರಲಿ. ಏಪ್ರಿಲ್–ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆರಕ್ಕೆ ಶುರು ಮಾಡಿ ಎಂಟರೊಳಗೆ ಮುಗಿಸಿಬಿಡಿ.

ಗ್ಲೌಸಿನ ಬಗ್ಗೆ ಒಂದೇ ಮಾತು. ಕಾಲೇಜಿನ ಪೆಟ್ಟಿಗೆಯಲ್ಲಿ ಇರುವುದು ಜಾಸ್ತಿ 12 ಇಂಚಿಗಿಂತ ದೊಡ್ಡವು, ಔಟ್‌ಫೀಲ್ಡ್‌ನವು, ಅಂದರೆ ಹೊರ ಮೈದಾನದಲ್ಲಿ ನಿಲ್ಲುವವರವು. ಅದರ ಆಳದಲ್ಲಿ ಬಾಲ್ ಕೂತುಬಿಟ್ಟರೆ ಹುಡುಕಿ ತೆಗೆಯುವುದರಲ್ಲೇ ಸಮಯ ಹೋಗುತ್ತದೆ. ಸೆಕೆಂಡ್ ಬೇಸ್, ಶಾರ್ಟ್‌ಸ್ಟಾಪ್‌ನವರಿಗೆ 11.25ರಿಂದ 11.5 ಇಂಚಿನ ಚಿಕ್ಕ ಗ್ಲೌಸು, ಥರ್ಡ್ ಬೇಸ್‌ಗೆ ಬೇಕಾದರೆ 11.75 ಕೊಡಿ. ಹುಡುಗರಿಗೆ ಗಾರ್ಡ್ ಕಡ್ಡಾಯ. ಕ್ರಿಕೆಟ್‌ನದೇ ಆಗುತ್ತದೆ.

ನಿಲ್ಲುವ ಬಗೆ

ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಒಂದು ತ್ರಿಕೋನ ಬರೆಯಿರಿ. ಹಿಂದಿನ ಎರಡು ಮೂಲೆ ಎರಡು ಪಾದಕ್ಕೆ, ಮುಂದಿನ ಮೂಲೆ ಗ್ಲೌಸಿಗೆ. ಪಾದಗಳ ನಡುವೆ ಹೆಗಲಿಗಿಂತ ಜಾಸ್ತಿ ಅಂತರ. ಬಾಲ್ ಹಿಡಿಯುವ ಜಾಗ ಕಣ್ಣಿನ ಮುಂದೆ, ಆ ಮುಂದಿನ ಮೂಲೆಯಲ್ಲಿ. ಮಕ್ಕಳು ಬಾಲ್ ಬಿಡುವುದು ಹೆಚ್ಚಾಗಿ ಕಾಲುಗಳ ನಡುವೆ ಹಿಡಿಯಲು ಹೋದಾಗ. ಅಲ್ಲಿ ಗ್ಲೌಸು ಅವರಿಗೇ ಕಾಣುವುದಿಲ್ಲ.

ಇನ್ನೊಂದು ತಪ್ಪು ನಡ ಬಗ್ಗಿಸುವುದು. ನಾನು ದಿನಾ ಕೂಗುವ ಮಾತು ಇದು: "ತಮ್ಮಾ, ನಡ ಬಗ್ಗಸಬ್ಯಾಡ, ಮೊಣಕಾಲ ಬಗ್ಗಸು. ಕೆಳಗ ಕೂಡು!" ಬೆನ್ನು ಹೆಚ್ಚುಕಡಿಮೆ ನೇರ, ಎದೆ ಮುಂದೆ, ಗ್ಲೌಸಿನ ಬೆರಳು ನೆಲದ ಕಡೆ. ಗ್ಲೌಸು ಯಾವಾಗಲೂ ಕೆಳಗಿನಿಂದ ಮೇಲೆ ಬರಬೇಕು. ಮೇಲಿಟ್ಟುಕೊಂಡು ಕೊನೆಗೆ ಕೆಳಗೆ ಇಳಿಸಿದರೆ ತಡವಾಗುತ್ತದೆ, ಬಾಲ್ ಅಡಿಯಲ್ಲಿ ನುಸುಳಿ ಹೋಗುತ್ತದೆ.

ನಿಮ್ಮ ಶಾಲೆಯಲ್ಲಿ ಖೋ ಖೋ ಆಡುವ ಮಕ್ಕಳಿದ್ದರೆ ಕೂಡಲೇ ಕರೆದುಕೊಂಡು ಬನ್ನಿ. ಇದನ್ನು ನಾನು ಬಹಳ ನಂಬಿಕೆಯಿಂದ ಹೇಳುತ್ತೇನೆ. ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಖೋ ಸಿಕ್ಕ ಕೂಡಲೇ ಎದ್ದು ಹಾರುವ ಮಕ್ಕಳಿಗೆ ತೊಡೆಯಲ್ಲಿ ಬಲ ಇರುತ್ತದೆ, ಕೆಳಗೆ ಕೂರಲು ಬೇಜಾರಿಲ್ಲ. ಅವರಲ್ಲೂ ಒಂದು ಭೇದ ಇದೆ. ಅಟ್ಟಿಸಿಕೊಂಡು ಹೋಗುವವರು ಒಮ್ಮೆ ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ತಿರುಗುವಂತಿಲ್ಲ. ಅವರಿಗೆ ಮೊದಲ ಎರಡು ಹೆಜ್ಜೆಯ ವೇಗ ಜಾಸ್ತಿ. ಮುಂದೆ ನುಗ್ಗಬೇಕಾದ ಥರ್ಡ್ ಬೇಸ್‌ಗೆ ಅವರು ಸರಿ. ತಪ್ಪಿಸಿಕೊಂಡು ಓಡುವುದರಲ್ಲಿ ಚುರುಕಾದವರಿಗೆ ಎಡಕ್ಕೂ ಬಲಕ್ಕೂ ಮೈ ತಿರುಗಿಸಿ ಗೊತ್ತಿರುತ್ತದೆ. ಅವರನ್ನು ಶಾರ್ಟ್‌ಸ್ಟಾಪ್, ಸೆಕೆಂಡ್ ಬೇಸ್‌ಗೆ ಹಾಕಿ ನೋಡಿ.

ಪಿಚರ್, ಅಂದರೆ ಇಲ್ಲಿನ ಬೌಲರ್, ಎಸೆಯುವಾಗ ಯಾರೂ ಸುಮ್ನೆ ನಿಲ್ಲಬಾರದು. ಅವನ ಕೈ ಮುಂದೆ ಬರುವಾಗ ಎರಡು ಸಣ್ಣ ಹೆಜ್ಜೆ, ಬಾಲ್ ಬ್ಯಾಟಿನ ಹತ್ತಿರ ಬರುವಾಗ ಎರಡೂ ಪಾದ ನೆಲದ ಮೇಲೆ, ಹಿಮ್ಮಡಿ ಹಗುರ. ಕ್ರಿಕೆಟ್‌ನಲ್ಲಿ ಬೌಲರ್ ಜೊತೆ ನಡೆದು ಬರುವ ಅಭ್ಯಾಸ ಇದ್ದವರಿಗೆ ಇದು ಬೇಗ ಹತ್ತುತ್ತದೆ. ಬಾಲ್ ಇಲ್ಲದೆ ಇದನ್ನೇ ಐದು ನಿಮಿಷ ಮಾಡಿಸಿ. ನಾನು ಬ್ಯಾಟ್ ಬೀಸಿ ಎಡಕ್ಕೋ ಬಲಕ್ಕೋ ಕೈ ತೋರಿಸುತ್ತೇನೆ. ಮಕ್ಕಳು ದೂರದ ಕಾಲನ್ನು ಮುಂದೆ ಅಡ್ಡ ತಂದು ಆ ಕಡೆ ಮೂರು ಹೆಜ್ಜೆ ಓಡಬೇಕು. ಬಲಕ್ಕೆ ಹೋಗುವುದಿದ್ದರೆ ಎಡಗಾಲು ಮೊದಲು. ಹತ್ತಿರದ ಕಾಲನ್ನೇ ಮೊದಲು ಸರಿಸಿದವರು ಅರ್ಧ ಹೆಜ್ಜೆ ಕಳೆದುಕೊಳ್ಳುತ್ತಾರೆ.

ಚಪ್ಪಲ್ ಡ್ರಿಲ್

ನನಗೆ ಒಂದೇ ಡ್ರಿಲ್ ಇಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಅಮೆರಿಕದಲ್ಲಿ ಇದಕ್ಕೆ ಅಂಗೈಯಗಲದ ಚಪ್ಪಟೆ ಗ್ಲೌಸು ಸಿಗುತ್ತದೆ. ರಾನ್ ವಾಷಿಂಗ್ಟನ್ ಅನ್ನುವ ಕೋಚ್ ಚಿಕ್ಕ ಗ್ಲೌಸು ಹಾಕಿಸಿ, ಮೊಣಕಾಲ ಮೇಲೆ ಕೂರಿಸಿ, ಹತ್ತಿರದಿಂದ ಬಾಲ್ ಎಸೆದು ಎಸೆದು ದೊಡ್ಡ ದೊಡ್ಡ ಆಟಗಾರರನ್ನು ತಯಾರು ಮಾಡಿದವರು. 2021ರಲ್ಲಿ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದ ಅಟ್ಲಾಂಟಾ ಬ್ರೇವ್ಸ್ ತಂಡದ ಇನ್‌ಫೀಲ್ಡರ್‌ಗಳಿಗೆ ಕೋಚ್ ಆಗಿದ್ದವರೂ ಅವರೇ. ಲಕ್ಷ, ಕೋಟಿ ಎಣಿಸುವ ಆಟಗಾರರೇ ಮೊಣಕಾಲ ಮೇಲೆ ಕೂತು ಇದನ್ನು ದಿನಾ ಮಾಡುತ್ತಾರೆ ಅಂದಮೇಲೆ ನಮ್ಮ ಮಕ್ಕಳು ಮಾಡದಿದ್ದರೆ ಹೇಗೆ, ಅಲ್ವಾ?

ಆ ಗ್ಲೌಸಿನ ಬದಲು ಹವಾಯಿ ಚಪ್ಪಲ್ ಸಾಕು. ಹೊಸ ಜೋಡಿ ತನ್ನಿ, ಡ್ರಿಲ್‌ಗೆ ಅಂತಲೇ ಇಡಿ. ಕಾಲಿಗೆ ಹಾಕಿದ್ದನ್ನು ಮಕ್ಕಳ ಕೈಗೆ ಹಾಕಿಸಬೇಡಿ, ಅವರಿಗೂ ಮನಸ್ಸು ಬರಲ್ಲ, ಮನೆಯವರಿಗೂ ಸರಿ ಅನಿಸಲ್ಲ. ಎಡಗೈಗೆ ಚಪ್ಪಲಿ ಹಾಕಿ. ಬೆರಳು ಪಟ್ಟಿಯ ಕೆಳಗೆ, ಅಂಗೈ ಚಪ್ಪಲಿಯ ಒಳಮೈಗೆ, ತಳ ಬಾಲ್ ಕಡೆಗೆ. ಎರಡೂ ಮೊಣಕಾಲು ನೆಲಕ್ಕೆ. ಜೊತೆಗಾರ ಮೂರು ಮೀಟರ್ ದೂರದಲ್ಲಿ ಕೂತು ಟೆನಿಸ್ ಬಾಲ್ ಉರುಳಿಸಬೇಕು.

ಚಪ್ಪಲಿಗೆ ಬಲೆ ಇಲ್ಲ, ಬೆರಳು ಮುಚ್ಚಲೂ ಆಗಲ್ಲ. ಕೈ ಮುಂದೆ ಚುಚ್ಚಿದರೆ ಬಾಲ್ ಟಪ್ಪಂತ ಸಿಡಿದು ಎರಡು ಮೀಟರ್ ಆಚೆ ಬೀಳುತ್ತದೆ. ಬಾಲ್ ತಾಗುವ ಹೊತ್ತಿಗೆ ಕೈಯನ್ನು ಸ್ವಲ್ಪ ಹೊಟ್ಟೆಯ ಕಡೆ ತಂದರೆ ಅದೇ ಬಾಲ್ ಚಪ್ಪಲಿಯ ಮೇಲೆ ಸತ್ತ ಹಾಗೆ ನಿಲ್ಲುತ್ತದೆ, ಬಲಗೈ ಮೇಲಿನಿಂದ ಬಂದು ಮುಚ್ಚುತ್ತದೆ. ಮನೆ ಕಟ್ಟುವ ಕಡೆ ಕೆಳಗಿನವರು ಮೇಲಕ್ಕೆ ತೂರಿದ ಇಟ್ಟಂಗಿಯನ್ನು ಮೇಲಿದ್ದವರು ಹಿಡಿಯುವುದನ್ನು ಗಮನಿಸಿ. ಕೈ ಇಟ್ಟಂಗಿಯ ಜೊತೆಗೇ ಹಿಂದೆ ಹೋಗುತ್ತದೆ. ಅದೇ ಕೈ ಇಲ್ಲಿ ಬೇಕು. ಕಣ್ಣು ಮುಚ್ಚಿ ಕೇಳಿದರೂ ನಿಮಗೆ ಸರಿ–ತಪ್ಪು ತಿಳಿಯುತ್ತದೆ. ತಪ್ಪಾಗಿ ಹಿಡಿದಾಗ ಸದ್ದು ಜೋರು, ಸರಿಯಾಗಿ ಹಿಡಿದಾಗ ಮೆತ್ತಗೆ.

ಒಬ್ಬೊಬ್ಬರಿಗೆ ಹದಿನೈದು ನೇರ ಬಾಲ್, ಹದಿನೈದು ಗ್ಲೌಸಿನ ಕಡೆಗೆ, ಹದಿನೈದು ಬಲಗಡೆಗೆ. ಬಲಗಡೆಯದನ್ನು ಕೈ ಮಗುಚಿ, ಹೆಬ್ಬೆರಳು ನೆಲದ ಕಡೆ ಮಾಡಿ ಹಿಡಿಯಬೇಕು. ಅದು ಕೈಗೆ ಹತ್ತಿದ ಮೇಲೆ ಚಪ್ಪಲಿ ತೆಗೆದು ಗ್ಲೌಸು ಹಾಕಿಸಿ, ಈಗ ಟಪ್ಪಾ ಬಾಲ್ ಕೊಡಿ.

ಟಪ್ಪಾ ಆರಿಸುವುದು

ಬಾಲ್ ಹಿಡಿಯಲು ಎರಡು ಜಾಗ ಒಳ್ಳೆಯವು. ಟಪ್ಪಾ ಬಿದ್ದು ಏಳುತ್ತಿರುವ ಕ್ಷಣದಲ್ಲೇ, ಗ್ಲೌಸಿನ ಮುಂದೆಯೇ. ಇಲ್ಲವೇ ಎದ್ದು, ಮೇಲೆ ಹೋಗಿ, ಇಳಿಯುವಾಗ. ನಡುವಿನ ಎತ್ತರದಲ್ಲಿ, ಹೊಟ್ಟೆಗೂ ಎದೆಗೂ ಬರುವ ಬಾಲ್ ಕೆಟ್ಟದ್ದು. ಅಂಥ ಬಾಲ್ ಬಂತು ಅಂದರೆ ಹೆಚ್ಚು ಸಲ ಕಾಲು ನಿಂತಿತ್ತು ಅಂತಲೇ ಅರ್ಥ. ಒಂದು ಹೆಜ್ಜೆ ಮುಂದೆ ಹೋಗಿದ್ದರೆ ಅದೇ ಬಾಲ್ ಸುಲಭದ್ದಾಗುತ್ತಿತ್ತು.

"ಮೇಡಮ್ಮರೀ, ಬಾಲ್ ಜಿಗದು ಮಾರಿಗೆ ಬರತೈತ್ರಿ" ಅಂತ ಹುಡುಗಿಯರು ಹೇಳುತ್ತಾರೆ. ನಾನು ಕೇಳುವುದು, "ನೀ ಎಲ್ಲಿ ನಿಂತಿದ್ದಿ ತಂಗಿ?" ಅಂತ. ನಂತರ ಕೈಯಿಂದಲೇ ಅದೇ ಬಾಲ್ ಮತ್ತೆ ಹಾಕುತ್ತೇನೆ, ಈ ಸಲ ಎರಡು ಹೆಜ್ಜೆ ಮುಂದೆ ಬಾ ಅಂತ. ನಮ್ಮ ನೆಲದಲ್ಲಿ ಇದು ಇನ್ನೂ ಮುಖ್ಯ. ಬಾಲ್ ಎಷ್ಟು ಜಾಸ್ತಿ ಟಪ್ಪಾ ಬೀಳುತ್ತದೋ ಅಷ್ಟು ಸಲ ಬಿರುಕಿಗೆ ಸಿಗುವ ಅವಕಾಶ. ಮುಂದೆ ಹೋದವನಿಗೆ ಒಂದು ಟಪ್ಪಾ ಕಡಿಮೆ. ಬೆಳಗಾವಿ ಕಡೆಯ ಕೆಂಪು ಮಣ್ಣಿನ ಮೈದಾನಕ್ಕೆ ಆಡಲು ಹೋದರೆ ಬಾಲ್ ಏಳುವ ರೀತಿಯೇ ಬೇರೆ. ಪಂದ್ಯಕ್ಕೆ ಮುಂಚೆ ಹೋಗಿ, ನಿಮ್ಮ ಜಾಗದ ಸುತ್ತ ನಾಲ್ಕಾರು ಬಾಲ್ ಉರುಳಿಸಿ ನೋಡಿ.

ಒಬ್ಬರೇ ಇದ್ದಾಗ ಗೋಡೆ ಹಿಡಿಯಿರಿ. ಕಾಂಪೌಂಡ್ ಗೋಡೆಗೆ ಟೆನಿಸ್ ಬಾಲ್ ಎಸೆದು ಹಿಡಿಯುವುದು, ಪ್ರತಿ ಹತ್ತು ಬಾಲ್‌ಗೆ ಒಂದು ಹೆಜ್ಜೆ ಗೋಡೆ ಹತ್ತಿರ ಹೋಗುವುದು. 1980ರಿಂದ 1992ರವರೆಗೆ ಸತತವಾಗಿ 13 ಸಲ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌ ಪ್ರಶಸ್ತಿ ಪಡೆದ ಶಾರ್ಟ್‌ಸ್ಟಾಪ್ ಓಝಿ ಸ್ಮಿತ್ ಚಿಕ್ಕವನಿದ್ದಾಗ ಮನೆ ಮುಂದಿನ ಮೆಟ್ಟಿಲಿಗೆ ಬಾಲ್ ಎಸೆದು, ಹತ್ತಿರ ಹತ್ತಿರ ಹೋಗಿ ಹಿಡಿಯುತ್ತಿದ್ದ. ಅದಕ್ಕೆ ಕೋಚ್ ಬೇಕಾಗಿರಲಿಲ್ಲ, ಮೈದಾನವೂ ಬೇಕಾಗಿರಲಿಲ್ಲ.

ಬಲ, ಎಡ, ಹಿಡಿ; ಬಲ, ಎಡ, ಎಸೆ

ಬಲಗೈಯಲ್ಲಿ ಎಸೆಯುವವರ ಕಾಲಿನ ತಾಳ ಇದು. ಹಿಡಿಯುವ ಮುಂಚೆ ಬಲಗಾಲು ಊರಬೇಕು, ಆಮೇಲೆ ಎಡಗಾಲು, ಆಗ ಬಾಲ್ ಗ್ಲೌಸಿಗೆ. ಕೂಡಲೇ ಬಲಗಾಲು ಎಡಗಾಲಿನ ಮುಂದೆ ಬಂದು ಫಸ್ಟ್ ಬೇಸ್‌ಗೆ ಅಡ್ಡವಾಗಿ ಊರುತ್ತದೆ, ಎಡಗಾಲು ಗುರಿಯ ಕಡೆ, ಎಸೆತ. ಮಕ್ಕಳಿಂದ ಬಾಯಿಬಿಟ್ಟು ಹೇಳಿಸಿ. ಮೊದಲು ನೆಲದ ಮೇಲೆ ನಿಂತ ಬಾಲ್ ಇಟ್ಟು ನಡೆಯುತ್ತಾ, ಆಮೇಲೆ ಓಡುತ್ತಾ, ಆಮೇಲೆ ಉರುಳಿಸಿದ ಬಾಲ್‌ಗೆ. ಹಿಡಿದು ನೆಟ್ಟಗೆ ಎದ್ದು ನಿಂತು, ನೋಡಿ, ಎಸೆಯುವ ಮಕ್ಕಳ ಸಮಯ ಹಾಳಾಗುವುದು ಇಲ್ಲೇ. ಕಾಲು ನಿಲ್ಲದಿದ್ದರೆ ಮೈಯ ವೇಗವೇ ಎಸೆತಕ್ಕೆ ಸೇರುತ್ತದೆ, ಮೊಣಕೈ ಮೇಲೆ ಭಾರ ಬೀಳಲ್ಲ.

ಸಾಫ್ಟ್‌ಬಾಲ್ ಆಡಿ ಬಂದವರಿಗೆ ಇಲ್ಲಿ ದೂರವೇ ತೊಂದರೆ. ಅಲ್ಲಿ ಬೇಸ್‌ಗಳ ನಡುವೆ 60 ಅಡಿ, ಇಲ್ಲಿ 90. ಥರ್ಡ್ ಬೇಸ್‌ನಿಂದ ಫಸ್ಟ್ ಬೇಸ್‌ಗೆ ಅಲ್ಲಿ ಸುಮಾರು 26 ಮೀಟರ್ ಇದ್ದದ್ದು ಇಲ್ಲಿ 39ರ ಹತ್ತಿರ. ಬರೀ ಕೈಯಿಂದ ಎಸೆದು ಪಾರಾಗುತ್ತಿದ್ದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಬಾಲ್ ಹಿಡಿತವನ್ನೂ ಬೇರೆಯಾಗಿ ಕಲಿಸಿ. ಕ್ರಿಕೆಟ್ ಬಾಲ್‌ನ ಹೊಲಿಗೆ ನಡುವೆ ನೇರವಾಗಿ ಸುತ್ತಿರುತ್ತದೆ. ಇದರ ಹೊಲಿಗೆ ಬಳುಕುತ್ತದೆ, ಒಂದು ಕಡೆ ಕುದುರೆ ಲಾಳದ ಆಕಾರ ಕಾಣುತ್ತದೆ. ತೋರುಬೆರಳು, ನಡುಬೆರಳು ಆ ಲಾಳಕ್ಕೆ ಅಡ್ಡ ಬರಬೇಕು. ಆಗ ಬಾಲ್ ನೇರ ಹೋಗುತ್ತದೆ, ಕೊನೆಯಲ್ಲಿ ಎತ್ತಲೂ ವಾಲಲ್ಲ. ಬಸ್ಸಿನಲ್ಲಿ ಹೋಗುವಾಗ, ಟಿವಿ ನೋಡುವಾಗ ಗ್ಲೌಸಿಗೆ ಬಾಲ್ ಹಾಕಿ, ನೋಡದೆ ತೆಗೆದು, ಬೆರಳಿಗೆ ಆ ಹೊಲಿಗೆ ಸಿಕ್ಕಿತಾ ಅಂತ ನೋಡಿಕೊಳ್ಳಲಿ.

ಇನ್ನೊಂದು ಕ್ರಿಕೆಟ್ ಚಾಳಿ, ಸ್ಟಂಪ್ ನೋಡಿ ಎಸೆಯುವುದು. ಇಲ್ಲಿ ಹೊಡೆಯಲು ಸ್ಟಂಪ್ ಇಲ್ಲ. ಗುರಿ ಜೊತೆಗಾರನ ಎದೆ. ನಾಲ್ಕು ಮೂಲೆಯಲ್ಲಿ ನಾಲ್ವರನ್ನು ನಿಲ್ಲಿಸಿ ಬಾಲ್ ಸುತ್ತಿಸಿ. ಎದೆಗೆ ಬಂದರೆ ಒಂದು ಅಂಕ, ಬಿದ್ದರೆ ಮೊದಲಿನಿಂದ. ಹತ್ತು ಅಂಕ ಆದ ಮೇಲೆ ದಿಕ್ಕು ಬದಲಿಸಿ. ಮೊಣಕೈ ನೋವು ಅಂದ ಮಗುವಿಗೆ ಅವತ್ತು ಎಸೆತ ಬಂದ್. ಉರುಳಿಸಿ ಕೊಡುವ ಕೆಲಸ ಕೊಡಿ.

ಎರಡು ಔಟ್, ಫಸ್ಟ್ ಬೇಸ್, ಮೇಲೆ ಹೋದ ಬಾಲ್

ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇ ಅಂದರೆ ಮಕ್ಕಳಿಗೆ ಅವಸರ. ಎರಡನೆಯದಕ್ಕೆ ಹೋಗಿ ಮೊದಲನೆಯದನ್ನೂ ಬಿಡುತ್ತಾರೆ. ಸೆಕೆಂಡ್ ಬೇಸ್‌ನಿಂದ ನಾಲ್ಕೈದು ಮೀಟರ್ ಒಳಗಿದ್ದರೆ ಕೆಳಗಿನಿಂದ ತೂರಲಿ. ಮಣಿಕಟ್ಟು ಬಗ್ಗಿಸದೆ, ಬಾಲ್ ಕಾಣುವ ಹಾಗೆ, ಎದೆಯ ಎತ್ತರಕ್ಕೆ. ತೂರಿದ ಮೇಲೆ ಒಂದು ಹೆಜ್ಜೆ ಬಾಲ್ ಹಿಂದೆಯೇ ಹೋಗಲಿ, ಆಗ ಗುರಿ ತಪ್ಪಲ್ಲ. ಗ್ಲೌಸಿನೊಳಗೆ ಬಾಲ್ ಮುಚ್ಚಿಟ್ಟು ತೂರಿದರೆ ಹಿಡಿಯುವವನಿಗೆ ಅದು ಕೊನೆಯ ಕ್ಷಣದಲ್ಲಿ ಕಾಣುತ್ತದೆ. ಇದನ್ನು ರನ್ನರ್ ಇಲ್ಲದೆ ತುಂಬಾ ಸಲ ಮಾಡಿಸಿ.

ಫಸ್ಟ್ ಬೇಸ್‌ನಲ್ಲಿ ಉದ್ದ ಇರುವ ಹುಡುಗನನ್ನು ನಿಲ್ಲಿಸಿದರೆ ಸಾಲದು. ಅವನು ಒಂದು ಕಾಲು ಬೇಸ್ ಮೇಲಿಟ್ಟು, ಎಸೆತಕ್ಕೆ ಮುಂಚೆಯೇ ಇನ್ನೊಂದು ಕಾಲು ಚಾಚಿಬಿಟ್ಟರೆ ಬಾಲ್ ಪಕ್ಕಕ್ಕೆ ಬಂದಾಗ ಅಲ್ಲಾಡಲು ಆಗಲ್ಲ. ಬಾಲ್ ಎತ್ತ ಬರುತ್ತಿದೆ ಅಂತ ನೋಡಿ ಆಮೇಲೆ ಚಾಚಬೇಕು. ಎಸೆತ ಕೆಟ್ಟದಾಗಿದ್ದರೆ ಬೇಸ್ ಬಿಟ್ಟು ಬಾಲ್ ಹಿಡಿಯಬೇಕು. ರನ್ನರ್ ಒಂದು ಬೇಸ್ ತಗೊಂಡರೆ ತಗೊಳ್ಳಲಿ, ಎರಡು ಕೊಡಬೇಡಿ.

ಬಂಟ್ ಮಾಡಿದ, ಅಂದರೆ ಬ್ಯಾಟ್ ಬೀಸದೆ ಮೆಲ್ಲಗೆ ತಾಗಿಸಿದ, ನಿಧಾನದ ಬಾಲ್ ಪೂರ್ತಿ ನಿಂತಿದ್ದರೆ ಬರಿಗೈ. ಇನ್ನೂ ಉರುಳುತ್ತಿದ್ದರೆ ಗ್ಲೌಸು.

ಮೇಲೆ ಹೋದ ಬಾಲ್‌ಗೆ ಬಾಯಿ ಬೇಕು. ಒಬ್ಬರು ಸ್ಪಷ್ಟವಾಗಿ "ನಂದು, ನಂದು, ನಂದು" ಅನ್ನಬೇಕು, ಉಳಿದವರು ದಾರಿ ಬಿಡಬೇಕು. ಇಬ್ಬರೂ ಕೂಗಿದರೆ ಇನ್‌ಫೀಲ್ಡ್‌ನಲ್ಲಿ ಶಾರ್ಟ್‌ಸ್ಟಾಪ್ ಮಾತು ನಡೆಯುತ್ತದೆ. ಹಿಂದಿನಿಂದ ಓಡಿ ಬರುವ ಔಟ್‌ಫೀಲ್ಡರ್ ಕೂಗಿದರೆ ಬಾಲ್ ಅವನದು, ಯಾಕೆಂದರೆ ಅವನು ಮುಂದೆ ನೋಡುತ್ತಾ ಬರುತ್ತಿರುತ್ತಾನೆ. ಬಿಸಿಲಿಗೆ ಗ್ಲೌಸನ್ನೇ ಅಡ್ಡ ಹಿಡಿದು, ಅದರ ಅಂಚಿನಿಂದ ಬಾಲ್ ನೋಡುವುದನ್ನು ಕಲಿಸಿ. ಮೆತ್ತನೆಯ ಬಾಲ್‌ನಿಂದ ಶುರು ಮಾಡಿ.

ಕೊನೆಯ ಅರ್ಧ ಗಂಟೆ

ಈಗ ಬ್ಯಾಟ್ ತಗೊಳ್ಳಿ. ಕೋಚ್‌ಗಳು ಬಳಸುವ ಫಂಗೊ ಬ್ಯಾಟ್ ಉದ್ದ ಮತ್ತು ಹಗುರ. ನಮ್ಮಲ್ಲಿ ಹಳೆಯ ಸಾಫ್ಟ್‌ಬಾಲ್ ಬ್ಯಾಟ್‌ನಲ್ಲೇ ನಡೆಯುತ್ತದೆ. ಬೇಕಾದ ಜಾಗಕ್ಕೆ ಹೊಡೆಯಲು ಬರದಿದ್ದರೆ ಕೈಯಿಂದ ಉರುಳಿಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಎಲ್ಲೆಲ್ಲೋ ಹೋಗುವ ಹೊಡೆತದಿಂದ ಮಕ್ಕಳು ಓಡಿ ಸುಸ್ತಾಗುತ್ತಾರೆ ಹೊರತು ಕಲಿಯಲ್ಲ.

ಒಬ್ಬರಿಗೆ ಸ್ಟಾಪ್‌ವಾಚ್ ಕೊಡಿ. ಮೊಬೈಲ್‌ನದೇ ಆಗುತ್ತದೆ. ಬ್ಯಾಟಿಗೆ ಬಾಲ್ ತಾಗಿದಾಗ ಒತ್ತುವುದು, ಫಸ್ಟ್ ಬೇಸ್‌ನ ಗ್ಲೌಸಿಗೆ ಬಂದಾಗ ನಿಲ್ಲಿಸುವುದು. ಮೊದಲ ವಾರ 5.5 ಸೆಕೆಂಡ್ ಒಳಗೆ, ಆಮೇಲೆ 5, ಆಮೇಲೆ 4.7. ಸಮಯವನ್ನು ಗಟ್ಟಿಯಾಗಿ ಕೂಗಿ ಹೇಳಲಿ. ತಡವಾದಾಗ "ಜೋರಾಗಿ ಎಸಿ" ಅನ್ನಬೇಡಿ. ಯಾವ ಹೆಜ್ಜೆ ಜಾಸ್ತಿ ಆಯಿತು ಅಂತ ಆ ಮಗುವನ್ನೇ ಕೇಳಿ, ಅದೇ ಬಾಲ್ ಮತ್ತೆ ಕೊಡಿ. ಕೊನೆಗೆ ನಿಜವಾದ ರನ್ನರ್‌ಗಳನ್ನು ಓಡಿಸಿ. ಹೊಡೆಯುವ ಮುಂಚೆ ಎಷ್ಟು ಔಟ್, ರನ್ನರ್ ಎಲ್ಲಿ, ನನಗೆ ಬಾಲ್ ಬಂದರೆ ಎಲ್ಲಿಗೆ ಅಂತ ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು.

ಮಳೆ ಬಿದ್ದ ಮರುದಿನ ಎರೆಮಣ್ಣಿಗೆ ಇಳಿಯಬೇಡಿ. ಬೂಟಿಗೆ ಕೆಸರು ಮೆತ್ತಿ ಕಾಲು ಉಳುಕುತ್ತದೆ, ಮಾಡಿಕೊಂಡ ನೆಲವೂ ಹಾಳಾಗುತ್ತದೆ. ಅವತ್ತು ಕಾಲೇಜಿನ ಪಡಸಾಲೆಯಲ್ಲಿ ಚಪ್ಪಲ್ ಡ್ರಿಲ್, ಗೋಡೆ ಡ್ರಿಲ್ ಮಾಡಿಸಿ. ಕಿಟಕಿ ಗಾಜು ಇರುವ ಕಡೆ ಬೆನ್ನು ಮಾಡಿ ನಿಲ್ಲಿಸಬೇಡಿ, ತಪ್ಪಿದ ಬಾಲ್ ಹೋಗುವುದು ಆ ಕಡೆಗೇ.